ಹೊಸ್ತಿಲು ದಾಟದೆ ಹೆಸರು ಹೇಳಬಾರದು

ಹೊಸದಾಗಿ ದೀಕ್ಷೆ ಪಡೆದು ಸಭೆ ವಹಿಸಿಕೊಳ್ಳುವ ಹುಡುಗರು ಆಗಾಗ ಬೈಲಹೊಂಗಲದ ನಮ್ಮ ಮನೆಗೆ ಬರುತ್ತಾರೆ. ಈ ಸುತ್ತಿನಲ್ಲಿ ನಿವೃತ್ತ ಪಾಸ್ಟರ್ ಅಂತ ಸುಲಭಕ್ಕೆ ಸಿಗುವವನು ನಾನೊಬ್ಬನೇ, ಅದೂ ಚಹಾ ಸಮೇತ. ಪ್ರಸಂಗ ಹೇಗೆ ತಯಾರಿಸಬೇಕು, ಜನರನ್ನು ಹೇಗೆ ಹಿಡಿದಿಡಬೇಕು, ಯೂಟ್ಯೂಬಿಗೆ ಯಾವ ಕ್ಯಾಮೆರಾ ಒಳ್ಳೆಯದು ಎಂದೆಲ್ಲ ಕೇಳುತ್ತಾರೆ. ನನ್ನ ಪ್ರಸಂಗ ಜನರನ್ನು ಎಷ್ಟು ಹಿಡಿದಿಡುತ್ತಿತ್ತು ಎಂಬುದು ನನ್ನ ಹೆಂಡತಿಗೆ ಚೆನ್ನಾಗಿ ಗೊತ್ತು. ಮೊದಲ ಸಾಲಿನಲ್ಲಿ ಕೂತು ತೂಕಡಿಸುತ್ತಿದ್ದವಳು ಆಕೆಯೇ. ಹೀಗಾಗಿ ಆ ವಿಷಯಕ್ಕೆ ನಾನು ಕೈ ಹಾಕುವುದಿಲ್ಲ. ನನಗೆ ನಿಜವಾದ ಅನುಭವ ಇರುವುದು ಪೆದ್ದನಾಗುವುದರಲ್ಲಿ. ಅದರಲ್ಲೂ ಬಂದ ಸುದ್ದಿಯನ್ನೆಲ್ಲ ನಂಬಿ, ಅದಕ್ಕೆ ಆಮೆನ್ ಹೇಳಿ, ಆಮೇಲೆ ತಲೆ ಕೆರೆದುಕೊಳ್ಳುವುದರಲ್ಲಿ. ಈಗಿನ ಹುಡುಗರ ಜೇಬಿನಲ್ಲಿ ನನ್ನ ಕಾಲಕ್ಕಿಂತ ಹೆಚ್ಚು ಸುದ್ದಿ ಇರುವುದರಿಂದ, ನನ್ನ ಪೆದ್ದುತನ ಅವರಿಗೆ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ.

ನಾನು ಕೆಲಸ ಕಲಿತದ್ದು ಕಿತ್ತೂರಿನಲ್ಲಿ, ದೇವಪ್ಪ ಪಾಸ್ಟರ್ ಎಂಬ ಹಿರಿಯರ ಕೈಕೆಳಗೆ. ಒಣಕಲು ದೇಹ, ದಪ್ಪ ಕನ್ನಡಕ, ಸದಾ ಎಣ್ಣೆ ಕಾಣದ ಸೈಕಲ್ಲು. ಭಾನುವಾರದ ಆರಾಧನೆಯಲ್ಲಿ ಪ್ರಸಂಗ ಮುಗಿದ ಮೇಲೆ ಕಷ್ಟದಲ್ಲಿರುವವರ ಹೆಸರು ಹಿಡಿದು ಪ್ರಾರ್ಥಿಸುವುದು ನಮ್ಮ ಸಭೆಗಳಲ್ಲಿ ರೂಢಿ. ಹೆಸರುಗಳು ಚೀಟಿಯಲ್ಲಿ ಬರುತ್ತಿದ್ದವು. ದೇವಪ್ಪ ಪಾಸ್ಟರ್ ಚೀಟಿಗಳನ್ನು ಓದದೆ ಜೇಬಿಗೆ ಹಾಕುತ್ತಿದ್ದರು. ತಾವು ಖುದ್ದಾಗಿ ಆ ಮನೆಯ ಹೊಸ್ತಿಲು ದಾಟಿ, ಅವರ ಕೈಯ ನೀರೋ ಚಹಾವೋ ಕುಡಿದು ಬರುವ ತನಕ ಅವರ ಹೆಸರು ವೇದಿಕೆಯಿಂದ ಹೇಳುತ್ತಿರಲಿಲ್ಲ. ನೀರಿಗಿಂತ ಚಹಾವೇ ಹೆಚ್ಚಾಗಿ ಸಿಗುತ್ತಿದ್ದರಿಂದ, ಈ ನಿಯಮದ ಮೂಲ ಅವರ ಚಹಾದ ಚಟವೇ ಇರಬೇಕು ಎಂದು ನಾನು ಬಹಳ ದಿನ ನಂಬಿದ್ದೆ.

ಒಮ್ಮೆ ದೇಗಾಂವದಿಂದ ಒಬ್ಬ ರೈತ ತನಗೆ ಜ್ವರ ಬಂದಿದೆ, ಪ್ರಾರ್ಥಿಸಿ ಎಂದು ಚೀಟಿ ಕಳಿಸಿದ್ದ. ಉರಿಬಿಸಿಲು. ನನ್ನ ಸೈಕಲ್ಲಿನ ಗಾಲಿಯಲ್ಲಿ ಗಾಳಿ ಇರಲಿಲ್ಲ, ನನ್ನಲ್ಲೂ ಇರಲಿಲ್ಲ.

“ಅಲ್ರಿ, ಇಲ್ಲಿಂದನ ಪ್ರಾರ್ಥನಿ ಮಾಡಿದ್ರ ದೇವರಿಗೆ ಕೇಳಸಂಗಿಲ್ಲೇನ್ರಿ?” ಎಂದೆ.

“ದೇವರಿಗೆ ಕೇಳಸತೈತಿ. ನಿನಗ ಏನ್ ಕೇಳಿಸೇತಿ?” ಎಂದರು ಅವರು. “ಸುದ್ದಿ ಕಳಿಸಿದ್ರ ಕೆಲಸಾ ಆಗೂ ಹಂಗಿದ್ರ ನಮ್ಮ ಸ್ವಾಮಿ ಮ್ಯಾಲಿಂದನ ಸುದ್ದಿ ಕಳಿಸಿ ಸುಮ್ಮನ ಕುಂದರತಿದ್ದ. ತಾನ ಯಾಕ ಇಳದ ಬರ್ತಿದ್ದ? ನಡಿ, ಸೈಕಲ್ ತಗಿ.”

ಹೋಗಿ ನೋಡಿದರೆ ರೈತ ಗಟ್ಟಿಮುಟ್ಟಾಗಿದ್ದ. ಜ್ವರ ಬಂದದ್ದು ಅವನ ಎತ್ತಿಗೆ. ಎತ್ತಿನ ಹೆಸರು ಬರೆದರೆ ಪಾಸ್ಟರು ಬರಲಿಕ್ಕಿಲ್ಲ ಎಂದು ತನ್ನ ಹೆಸರು ಬರೆದಿದ್ದನಂತೆ. ನನಗೆ ಸಿಟ್ಟು ಬಂತು. ದೇವಪ್ಪ ಪಾಸ್ಟರಿಗೆ ಬರಲಿಲ್ಲ. ಚಹಾ ಕುಡಿದು ಗೋದಲಿಗೆ ಹೋಗಿ, ಎತ್ತಿನ ಹಣೆಯ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿದರು. ಮುಂದಿನ ಭಾನುವಾರ ಎತ್ತಿನ ಹೆಸರನ್ನೂ ಹೇಳಿದರು. ನಾನು ಹಿಂದೆ ನಿಂತು ನಗು ತಡೆಯಲು ತುಟಿ ಕಚ್ಚಿಕೊಂಡಿದ್ದೆ.

ಆಮೇಲೆ ಊರೂರು ವರ್ಗವಾಯಿತು, ಕೂದಲು ಉದುರಿತು, ಕೈಗೆ ಮೊಬೈಲ್ ಬಂತು. ಸವದತ್ತಿಯಲ್ಲಿದ್ದಾಗ ಸಭೆಗೊಂದು ವಾಟ್ಸಾಪ್ ಗ್ರೂಪ್ ಮಾಡಿದೆ. ಆ ದಿನದ ಹೆಮ್ಮೆ ಹೇಳತೀರದು. ದೇವಪ್ಪ ಪಾಸ್ಟರು ಬಿಸಿಲಲ್ಲಿ ಸೈಕಲ್ ತುಳಿದು ಹುಡುಕುತ್ತಿದ್ದ ಮನೆಗಳೆಲ್ಲ ನನ್ನ ಅಂಗೈಗೇ ಬಂದು ಕೂತಿದ್ದವು. ಜ್ವರ ಬಂದವರಿಗೆ ಮಂಚದ ಮೇಲೆ ಮಲಗಿಯೇ ಕೈಮುಗಿದ ಚಿತ್ರ ಕಳಿಸುತ್ತಿದ್ದೆ. ಕಾಲು ಮುರಿದವರಿಗೆ ಹೂವಿನ ಚಿತ್ರ. ಮನೆಭೇಟಿ ಎಂಬ ಕೆಲಸ ಇಷ್ಟು ಹಗುರಾಗಬಹುದು ಎಂದು ಹಿಂದಿನವರಿಗೆ ಯಾಕೆ ಹೊಳೆಯಲಿಲ್ಲವೋ ಎಂದು ಮರುಗಿದ್ದೂ ಉಂಟು.

ಮನೋಳಿಯ ಸಮುವೇಲಪ್ಪ ಆ ಸಭೆಯ ಹಿರಿಯ ತಲೆ. ಒಂದು ಬೆಳಿಗ್ಗೆ ಗ್ರೂಪಿನಲ್ಲಿ ಅವರ ಫೋಟೋ ಬಂತು. ಸುತ್ತಲೂ ಹೂವು, ಕೆಳಗೆ ಮುಗಿದ ಕೈ. ಹಾಕಿದವನು ಮೊಮ್ಮಗ, ಅವತ್ತು ಅಜ್ಜನ ಹುಟ್ಟುಹಬ್ಬ, ಅದನ್ನು ಬರೆಯಲು ಮಾತ್ರ ಮರೆತಿದ್ದ. ಮೊದಲು ನೋಡಿದ ಪುಣ್ಯಾತ್ಮ ಯಾರೋ ‘ಕರ್ತನಲ್ಲಿ ವಿಶ್ರಾಂತಿ’ ಎಂದು ಹಾಕಿದ. ಅವನನ್ನು ನೋಡಿ ಇನ್ನೊಬ್ಬ, ಇನ್ನೊಬ್ಬನನ್ನು ನೋಡಿ ಮತ್ತೊಬ್ಬ. ಅಷ್ಟು ಜನ ಸೇರಿ ಒಬ್ಬನಿಗೆ ವಿಶ್ರಾಂತಿ ಕೊಟ್ಟ ಮೇಲೆ ನಾನು ಹೇಗೆ ಸಂಶಯಪಡಲಿ? ನಾನೂ ಉದ್ದಕ್ಕೆ ಸಂತಾಪ ಬರೆದೆ. ಬಿಳಿ ನಿಲುವಂಗಿ ತೊಟ್ಟು, ಗಾಯನ ತಂಡವನ್ನು ಒಂದು ಟ್ರ್ಯಾಕ್ಸ್ ಜೀಪಿನಲ್ಲಿ ತುಂಬಿಕೊಂಡು ಮನೋಳಿಗೆ ಹೊರಟೆ. ಓಣಿಯ ತಿರುವಿನಿಂದಲೇ ದುಃಖದ ಹಾಡು ಶುರುವಾಯಿತು.

ಬಾಗಿಲಿಗೆ ಬಂದವರು ಸಮುವೇಲಪ್ಪನವರೇ. ಬನಿಯನ್ನು, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಅರ್ಧ ತಿಂದ ಹೋಳಿಗೆ.

“ಯಾರ್ ಹ್ವಾದ್ರಿ ಪಾಸ್ಟರ್ರ?”

ಹಿಂದೆ ತಬಲದವನು ಕಣ್ಣು ಮುಚ್ಚಿಕೊಂಡು ಇನ್ನೂ ಬಾರಿಸುತ್ತಲೇ ಇದ್ದ. “ನೀವ... ಅಂದ್ರ... ಆರಾಮ ಅದೀರೇನ್ರಿ?” ಎಂದೆ.

ಅವರಿಗೆ ಎಲ್ಲ ತಿಳಿಯಿತು. “ಹ್ವಾದ ವರ್ಷ ಕಾಲ ಮುರಕೊಂಡ ಬಿದ್ದಾಗ ಹೂವಿನ ಚಿತ್ರಾ ಕಳಿಸಿದ್ರಿ. ಸತ್ತೇನಿ ಅಂದಮ್ಯಾಲೆ ಖುದ್ದ ಬಂದೀರಿ. ಸಾಯೂದ ಛಲೋ ಆತ ಬಿಡ್ರಿ. ಬರ್ರಿ ಒಳಗ, ಬಿಸಿ ಹೋಳಗಿ ಅದಾವ. ತಂದಿದ್ದ ಪ್ರಾರ್ಥನಿ ಅರ್ಧಾ ಈಗ ಮಾಡ್ರಿ, ಉಳದದ್ದು ಆಮ್ಯಾಲೆ ನೋಡೂಣು.”

ಇಡೀ ಗಾಯನ ತಂಡ ಹೊಟ್ಟೆ ತುಂಬ ಹೋಳಿಗೆ ತಿಂದಿತು. ಸಂಜೆ ಈ ಸುತ್ತಿನ ಸಭೆಗಳ ಮೇಲ್ವಿಚಾರಕರ ಫೋನು. ಸುದ್ದಿಗಿಂತ ಫೋಟೋದ ಮೇಲೆ ಅವರಿಗೆ ಪ್ರೀತಿ ಹೆಚ್ಚು. ಎಲ್ಲ ಕಾರ್ಯಕ್ರಮದ ಫೋಟೋ ಅವತ್ತೇ ಅವರಿಗೆ ಮುಟ್ಟಬೇಕು. “ಮನೋಳಿ ಅಂತ್ಯಕ್ರಿಯೆದ ಫೋಟೋ ಇನ್ನೂ ಯಾಕ ಬಂದಿಲ್ಲ?” ಎಂದು ಗದರಿದರು. “ಸಾಹೇಬ್ರ, ಅದಕ್ಕ ಸಮುವೇಲಪ್ಪನವ್ರ ಒಪ್ಪಲಿಲ್ರಿ” ಎಂದೆ. ಕೆಲವು ವರ್ಷಗಳ ಮೇಲೆ ಸಮುವೇಲಪ್ಪ ನಿಜವಾಗಿಯೂ ಹೋದರು. ಉಳಿದರ್ಧ ಪ್ರಾರ್ಥನೆ ಮಾಡಲು ಹೋದ ನಾನು ಅದನ್ನು ಮುಗಿಸಲಾರದೆ ಅತ್ತುಬಿಟ್ಟೆ.

ಇಷ್ಟಾದರೂ ಬುದ್ಧಿ ಬಂತೆಂದು ತಿಳಿಯಬೇಡಿ. ಬೈಲಹೊಂಗಲಕ್ಕೆ ವರ್ಗವಾದ ಮೇಲೆ ಗ್ರೂಪು ಇನ್ನೂ ದೊಡ್ಡದಾಯಿತು, ಸುದ್ದಿ ಇನ್ನೂ ದೂರದಿಂದ ಬರತೊಡಗಿತು. ಯಾವುದೋ ದೇಶದಲ್ಲಿ ಸೆರೆಯಲ್ಲಿರುವ ಸೇವಕರನ್ನು ನಾಳೆ ಬೆಳಿಗ್ಗೆ ಕೊಲ್ಲಲಿದ್ದಾರೆ, ಕೂಡಲೇ ಪ್ರಾರ್ಥಿಸಿ, ಹತ್ತು ಜನರಿಗೆ ಕಳಿಸಿ ಎಂದು ಒಂದು ಸಂದೇಶ ಬಂತು. ಓದಿ ನನಗೆ ಅನ್ನ ಸೇರಲಿಲ್ಲ. ಇಡೀ ಸಭೆಗೆ ಉಪವಾಸ ಸಾರಿದೆ. ಮುಂದಿನ ವರ್ಷ ಅದೇ ಸುಮಾರಿಗೆ ಮತ್ತೆ ಬಂತು, ಮತ್ತೆ ಉಪವಾಸ. ಅದರ ಮುಂದಿನ ವರ್ಷ ಉಪವಾಸ ಸಾರಲು ಎದ್ದು ನಿಂತಾಗ, ಭಾನುವಾರದ ಮಕ್ಕಳ ಪಾಠ ನಡೆಸುವ ಟೀಚರಮ್ಮ ಮೆಲ್ಲಗೆ ಹತ್ತಿರ ಬಂದಳು.

“ಪಾಸ್ಟರ್, ನಾ ಕಾಲೇಜಿನ್ಯಾಗ ಇದ್ದಾಗಿಂದ ಇದ ಮೆಸೇಜ ಬರಾಕತ್ತೈತ್ರಿ. ಅವ್ರ ಅವಾಗಿಂದ ನಾಳೆ ಬೆಳಿಗ್ಗೇನ ಸಾಯಾಕತ್ತಾರ.”

ಜನ ನಕ್ಕರು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನಿಸಿತು. ಹಿಂದಿನ ಸಾಲಿನ ಒಬ್ಬ ಮುದುಕಿ ಮಾತ್ರ, “ಇರ್ಲಿ ಬಿಡವಾ, ಜಗತ್ತಿನ್ಯಾಗ ಯಾರರೆ ಸೆರಿಯಾಗ ಇರ್ತಾರ, ನಮ್ಮ ಪ್ರಾರ್ಥನಿ ಅವ್ರಿಗೆ ಮುಟ್ಟಿರತೈತಿ” ಎಂದು ನನ್ನ ಮಾನ ಕಾಪಾಡಿದಳು. ಉಪವಾಸ ಮಾತ್ರ ಅವತ್ತಿಗೆ ನಿಂತಿತು.

ಕಡೆಯ ವರ್ಗ ರಾಮದುರ್ಗಕ್ಕೆ. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಶಾಂತವ್ವನ ಖಾನಾವಳಿ. ಶಾಂತವ್ವ ನಮ್ಮ ಸಭೆಯವಳೇ. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು, ಆ ಒಲೆಯ ಮೇಲೆಯೇ ಮಗಳನ್ನು ನರ್ಸಿಂಗ್ ಓದಿಸುತ್ತಿದ್ದಳು. ಪ್ರತಿ ವರ್ಷ ಸುಗ್ಗಿ ಹಬ್ಬದ ಭಾನುವಾರ ಸಭೆಯವರೆಲ್ಲ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಪ್ರೀತಿಭೋಜನದ ಅಡುಗೆಯೂ ಅವಳದೇ. ಅವಳ ಬದನೆ ಎಣಗಾಯಿಗಾಗಿಯೇ ಅವತ್ತು ಸುರೇಬಾನದ ಬಸ್ಸು ತುಂಬಿ ಬರುತ್ತಿತ್ತು. ನನ್ನ ಪ್ರಸಂಗಕ್ಕೆ ಬರುತ್ತಾರೆ ಎಂದು ಮೊದಲೆರಡು ವರ್ಷ ತಪ್ಪು ತಿಳಿದಿದ್ದೆ.

ಆ ವರ್ಷ ಸುಗ್ಗಿ ಹಬ್ಬ ಹತ್ತಿರ ಬಂದಾಗ ಊರ ಮೊಬೈಲುಗಳಿಗೆಲ್ಲ ಒಂದು ವಿಡಿಯೋ ಬಂತು. ಯಾವುದೋ ಅಡುಗೆಮನೆ, ದೊಡ್ಡ ಪಾತ್ರೆ, ಸಾರಿನಲ್ಲಿ ತೇಲುವ ಹಲ್ಲಿ, ವಾಂತಿ ಮಾಡುತ್ತಿರುವ ಮಕ್ಕಳು. ರಾಮದುರ್ಗ ಬಸ್ ಸ್ಟ್ಯಾಂಡಿನ ಖಾನಾವಳಿ, ಎಚ್ಚರ ಎಂದು ಮೇಲೆ ಬರೆದಿತ್ತು. ಆಮೇಲೆ ಯಾರೋ ಶಾಂತವ್ವನ ಬೋರ್ಡಿನ ಫೋಟೋವನ್ನೂ ಅದಕ್ಕೆ ಜೋಡಿಸಿದರು. ಖಾನಾವಳಿಯ ಬೆಂಚುಗಳು ಖಾಲಿಯಾದವು.

ಸಭೆಯ ಕಮಿಟಿ ಸೇರಿತು. ಕಾರ್ಯದರ್ಶಿ ಪ್ರಭಾಕರ ಮಾಸ್ತರರು, ನಿವೃತ್ತ ಹೆಡ್‌ಮಾಸ್ತರು. ಕೆಟ್ಟ ಮನುಷ್ಯರಲ್ಲ, ಯಾರೂ ತಮ್ಮ ಕಡೆ ಬೆರಳು ಮಾಡಬಾರದು ಎಂಬುದೊಂದೇ ಅವರ ಚಿಂತೆ.

“ನಾವು ಶಾಂತವ್ವನ ಮ್ಯಾಲೆ ಸಂಶೆ ಮಾಡಾಕತ್ತಿಲ್ರಿ ಪಾಸ್ಟರ್, ಆಕಿ ನಮ್ಮಾಕಿ. ಆದ್ರ ಸಣ್ಣ ಹುಡುಗ್ರು ಉಣ್ಣಾಕ ಬರ್ತಾವ. ಈ ವರ್ಷ ಅಡಗಿ ಬ್ಯಾರೆದವ್ರಿಗೆ ಹೇಳೂಣು. ನೀವು ಭಾನುವಾರ ಆಕಿ ಹೆಸರ ತಗೊಂಡ ಒಂದ ಪ್ರಾರ್ಥನಿ ಮಾಡಿಬಿಡ್ರಿ, ಈ ಪರೀಕ್ಷಾದಾಗಿಂದ ದೇವರು ಆಕಿನ್ನ ಪಾರ ಮಾಡಲಿ ಅಂತ. ಎಲ್ಲಾರಿಗೂ ತಿಳದಂಗೂ ಆಗತೈತಿ, ಯಾರೂ ಏನೂ ಅಂದಂಗೂ ಆಗಂಗಿಲ್ಲ.”

ಹುಡುಗರೇ, ಇದನ್ನು ಗಮನವಿಟ್ಟು ಓದಿ. ಚಾಡಿಗೆ ಪ್ರಾರ್ಥನೆಯ ಅಂಗಿ ತೊಡಿಸುವ ಈ ಕಲೆಯಲ್ಲಿ ನಮ್ಮ ಸಭೆಗಳು ಬಹಳ ಪಳಗಿವೆ. ಹೊರಗಿನವರು ಕಟ್ಟೆಯ ಮೇಲೆ ಕೂತು ಆಡುವುದನ್ನು ನಾವು ಕಣ್ಣು ಮುಚ್ಚಿಕೊಂಡು ಆಡುತ್ತೇವೆ. ಅವತ್ತು ಇದನ್ನು ಮಾಸ್ತರರ ಮುಖಕ್ಕೆ ಹೇಳುವ ಧೈರ್ಯ ನನಗಿದ್ದಿದ್ದರೆ ನಾನು ಮೇಲ್ವಿಚಾರಕನೇ ಆಗಿರುತ್ತಿದ್ದೆ. “ನೋಡೂಣು” ಎಂದು ಎದ್ದು ಬಂದೆ.

ಮನೆಗೆ ಬಂದು ಪತ್ತೇದಾರನಾದೆ. ಸುಳ್ಳು ವಿಡಿಯೋ ಕಂಡುಹಿಡಿಯುವುದು ಹೇಗೆ ಎಂದು ಹೇಳುವ ವಿಡಿಯೋಗಳನ್ನು ನೋಡಿದೆ. ಅವು ಸುಳ್ಳು ಎಂದು ಹೇಳುವ ಇನ್ನೂ ಕೆಲವನ್ನು ನೋಡಿದೆ. ಹಲ್ಲಿಯ ಬಾಲವನ್ನು ದೊಡ್ಡದು ಮಾಡಿ ನೋಡಿದೆ. ಕೊನೆಗೆ ಒಂದು ಸುಳಿವು ಸಿಕ್ಕಿತು: ಆ ಅಡುಗೆಮನೆಯ ನೆಲಕ್ಕೆ ಕೆಂಪು ಟೈಲ್ಸು. ಹಿಗ್ಗಿನಿಂದ ಹೆಂಡತಿಯನ್ನು ಕರೆದು ತೋರಿಸಿದೆ.

“ಶಾಂತವ್ವನ ಅಡಗಿಮನಿ ನೆಲಾ ಹೆಂಗೈತ್ರಿ?” ಎಂದಳು.

ನನಗೆ ಗೊತ್ತಿರಲಿಲ್ಲ. ಆ ಊರಿಗೆ ಬಂದಾಗಿನಿಂದ ಅವಳ ರೊಟ್ಟಿ ತಿಂದಿದ್ದೆ, ಒಳಬಾಗಿಲ ಪರದೆ ಸರಿಸಿ ಒಮ್ಮೆಯೂ ನೋಡಿರಲಿಲ್ಲ.

“ಫೋನಿನ್ಯಾಗ ಏನ್ ಹುಡುಕ್ತೀರಿ? ನಿಮ್ಮ ಚಪ್ಪಲಿ ಬಾಗಲದಾಗ ಅದಾವ” ಎಂದು ಅವಳು ಒಳಗೆ ಹೋದಳು.

ಖಾನಾವಳಿಗೂ ನಮ್ಮ ಮನೆಗೂ ಎರಡು ಓಣಿಯ ಅಂತರ. ಶಾಂತವ್ವ ತಣ್ಣಗಾದ ಒಲೆಯ ಮುಂದೆ ಕೂತಿದ್ದಳು. ನನ್ನನ್ನು ನೋಡಿ ಎದ್ದಳು.

“ಊಟಕ್ಕ ಬಂದೀರೇನ್ರಿ ಪಾಸ್ಟರ್ರ, ಹಲ್ಲಿ ನೋಡಾಕ ಬಂದೀರಿ?”

“ನೀರ ಕುಡ್ಯಾಕ ಬಂದೇನವಾ” ಎಂದೆ. ಬಾಯಿಂದ ತಾನಾಗಿ ಬಂದ ಮಾತು. ಅವಳು ತಂಬಿಗೆ ತಂದು ಕೊಟ್ಟು, ಅಡುಗೆಮನೆಯಲ್ಲೇ ಮಣೆ ಹಾಕಿದಳು. ಮಸಿ ಹಿಡಿದ ಗೋಡೆ, ಮಣ್ಣಿನ ಒಲೆ, ಅದರ ಮೇಲೊಂದು ಪುಟ್ಟ ಶಿಲುಬೆ. ನೆಲಕ್ಕೆ ಬೂದು ಬಣ್ಣದ ಹಾಸುಗಲ್ಲು. ಕೆಂಪು ಟೈಲ್ಸಿನ ಗುರುತೇ ಇಲ್ಲ. ಪರದೆ ಸರಿಸಿದ ಯಾರಿಗಾದರೂ ಒಂದೇ ನೋಟಕ್ಕೆ ತಿಳಿಯುವ ಸಂಗತಿ. ಇಡೀ ಊರು ಆ ವಿಡಿಯೋ ನೋಡಿತ್ತು, ಪರದೆ ಸರಿಸಿದವರು ಯಾರೂ ಇರಲಿಲ್ಲ.

“ಊರ ಮಂದಿ ಬಿಟ್ರ ಬಿಡವಲ್ರ್ಯಾಕ” ಎಂದಳು ಶಾಂತವ್ವ. “ಬಾಜೂಕಿನ ಊರಿಗೆ ಹೋಗಿ ರೊಟ್ಟಿ ಬಡದೇನು. ಆದ್ರ ನಮ್ಮ ಸಭಾದವ್ರ ನನ್ನ ಕೈಯಾಗಿಂದು ಒಲ್ಲೆ ಅಂದ್ರ ನಾ ಎಲ್ಲಿಗೆ ಹೋಗ್ಲ್ರಿ?” ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಅಲ್ಲಿ ಕೂತಾಗ ನನಗೆ ದೇವಪ್ಪ ಪಾಸ್ಟರು ನೆನಪಾದರು. ಅವರ ನಿಯಮ ಚಹಾಕ್ಕಾಗಿ ಇರಲಿಲ್ಲ ಎಂಬುದು ಅಷ್ಟು ವರ್ಷಗಳ ಮೇಲೆ ನನ್ನ ಮಂದ ತಲೆಗೆ ಹೋಯಿತು. ನಮ್ಮ ನಂಬಿಕೆಯಲ್ಲಿ ಸತ್ಯ ಅಂದರೆ ಒಂದು ಸುದ್ದಿ ಅಲ್ಲ. ಅದು ಮೈ ತೊಟ್ಟು ಬಂದ ಒಬ್ಬಾತ, ಜನರ ಮನೆಗಳಿಗೆ ಹೋಗಿ ಅವರ ಕೂಡ ಉಂಡವನು. ಅಂಥವನ ಸೇವಕನೆಂದು ಹೇಳಿಕೊಂಡು ಅನ್ನ ತಿನ್ನುವ ನಾನು ಮಂಚದ ಮೇಲೆ ಮಲಗಿ ಹಲ್ಲಿಯ ಬಾಲ ಅಳೆಯುತ್ತಿದ್ದೆ. ನಗುವೂ ಬಂತು, ನಾಚಿಕೆಯೂ ಆಯಿತು.

ಮನೆಗೆ ಹೋದವನೇ ನೋಡಿದ್ದನ್ನೆಲ್ಲ ಗ್ರೂಪಿನಲ್ಲಿ ಬರೆದು ಹಾಕಿದೆ. ಅದಕ್ಕೆ ಒಂದು ಹಲ್ಲೆಲೂಯ ಬಂತು, ಒಂದೆರಡು ಹೆಬ್ಬೆರಳು ಬಂದವು, ಆಮೇಲೆ ಶುಭೋದಯದ ಗುಲಾಬಿಗಳ ಕೆಳಗೆ ಎಲ್ಲೋ ಮುಳುಗಿಹೋಯಿತು. ಮಾಸ್ತರರ ಮನೆಗೇ ಹೋಗಿ ಹೇಳಿದೆ.

“ಇದು ಎಲ್ಲಿ ಬಂದೈತ್ರಿ?” ಎಂದರು.

“ಎಲ್ಲೂ ಬಂದಿಲ್ಲ. ನಾ ಕಣ್ಣಾರೆ ನೋಡಿ ಬಂದೇನ್ರಿ.”

“ಅದು ಖರೇರಿ. ಆದ್ರ ಯಾವುದರೆ ಗ್ರೂಪಿನ್ಯಾಗ ಬಂದೈತೇನು?”

ಅಡುಗೆ ಬೇರೆಯವರಿಗೇ ಹೋಯಿತು. ಸುಗ್ಗಿ ಹಬ್ಬ ಬಂತು. ಹೆಸರಿನ ಪ್ರಾರ್ಥನೆಯ ಹೊತ್ತಿಗೆ ಮಾಸ್ತರರು ನನ್ನ ಕಡೆ ಹುಬ್ಬು ಏರಿಸಿದರು. ನಾನು ಶಾಂತವ್ವನ ಹೆಸರು ಹೇಳಲಿಲ್ಲ. ಆ ಕ್ಷಣ ಅವಳ ಹೆಸರು ಹೇಳಿದ್ದರೆ ಎಲ್ಲರ ಕಿವಿಗೂ ಬೀಳುತ್ತಿದ್ದದ್ದು ಹಲ್ಲಿಯೇ. ಅವಳು ಹೆಂಗಸರ ಸಾಲಿನ ತುದಿಯಲ್ಲಿ, ಕಂಬಕ್ಕೆ ಒರಗಿ ಕೂತಿದ್ದಳು.

ಆರಾಧನೆ ಮುಗಿದ ಮೇಲೆ ಲಿಲಾವು. ಹಬ್ಬಕ್ಕೆ ಒಬ್ಬೊಬ್ಬರು ತಮ್ಮ ದುಡಿಮೆಯ ಮೊದಲ ಪಾಲು ತಂದು ಬಲಿಪೀಠದ ಮುಂದೆ ಇಡುತ್ತಾರೆ: ಜೋಳ, ಕಬ್ಬು, ಕುಂಬಳಕಾಯಿ, ಕೋಳಿ. ಅದನ್ನು ಪಾಸ್ಟರು ಎತ್ತಿ ಹಿಡಿದು ಕೂಗಬೇಕು, ಜನ ಸವಾಲು ಹಾಕಿ ಕೊಳ್ಳಬೇಕು. ಒಂದು ನಿಂಬೆಹಣ್ಣಿಗೂ ಅವತ್ತು ಜಿದ್ದು ಬೀಳುತ್ತದೆ. ಕೂಗುವವನು ತಾನು ಸವಾಲು ಹಾಕುವಂತಿಲ್ಲ. ಕೋಳಿ ಹೋಯಿತು, ಕುಂಬಳಕಾಯಿ ಹೋಯಿತು. ಕೊನೆಗೆ ಉಳಿದದ್ದು ಬಿಳಿ ಬಟ್ಟೆಯ ಒಂದು ಗಂಟು. ಎತ್ತಿದೆ. ಇನ್ನೂ ಬಿಸಿ ಇತ್ತು. ಶಾಂತವ್ವನ ರೊಟ್ಟಿ.

“ರೊಟ್ಟಿ ಗಂಟು! ಯಾರ್ ಕೇಳ್ತೀರಿ?” ಎಂದು ಕೂಗಿದೆ. ಯಾರೂ ಸವಾಲು ಹಾಕಲಿಲ್ಲ. ಮತ್ತೆ ಕೂಗಿದೆ. ಕೆಲವರು ಚಪ್ಪಲಿ ಹುಡುಕಲು ಬಗ್ಗಿದರು, ಕೆಲವರು ಮೊಬೈಲು ನೋಡತೊಡಗಿದರು. ಕಂಬದ ಹತ್ತಿರ ಶಾಂತವ್ವ ತಲೆ ತಗ್ಗಿಸಿದಳು. ಇಂಥ ಹೊತ್ತಿಗೆ ಒಬ್ಬ ಒಳ್ಳೆಯ ಪಾಸ್ಟರ್ ಎಲ್ಲರ ಎದೆ ಕರಗುವ ನಾಲ್ಕು ಮಾತು ಆಡುತ್ತಾನೆ. ನನಗೆ ಒಂದೂ ಹೊಳೆಯಲಿಲ್ಲ. ಗಂಟು ಬಿಚ್ಚಿ, ಒಂದು ರೊಟ್ಟಿ ಮುರಿದು, ಜೊತೆಗಿದ್ದ ಕೆಂಪು ಚಟ್ನಿಯಲ್ಲಿ ಅದ್ದಿ, ನಿಲುವಂಗಿಯಲ್ಲೇ ನಿಂತು ತಿಂದುಬಿಟ್ಟೆ.

ಶಾಂತವ್ವನ ಕೆಂಪು ಚಟ್ನಿಯನ್ನು ಗೊತ್ತಿದ್ದವರು ಬೆಣ್ಣೆ ಇಲ್ಲದೆ ಮುಟ್ಟುವುದಿಲ್ಲ. ನೆತ್ತಿಗೆ ಹತ್ತಿತು. ಕಣ್ಣಲ್ಲಿ ಮೂಗಲ್ಲಿ ನೀರು, ಮೇಲೊಂದು ಬಿಕ್ಕಳಿಕೆ ಶುರುವಾಯಿತು. ಮೈಕು ಎದೆಗೇ ಸಿಕ್ಕಿಸಿತ್ತು. ನನ್ನ ಬಿಕ್ಕಳಿಕೆ ರಾಮದುರ್ಗದ ಆ ಓಣಿಗೆಲ್ಲ ಕೇಳಿಸಿತು. ಮಕ್ಕಳು ಮೊದಲು ನಕ್ಕರು. ಆಮೇಲೆ ಹೆಂಗಸರು.

ಸುರೇಬಾನದ ಎಸ್ತೇರವ್ವ ಎಂಬ ಮುದುಕಿ ಕೋಲೂರಿ ಎದ್ದು ಮುಂದೆ ಬಂದಳು. “ನನಗೂ ನಮ್ಮ ಮೊಮ್ಮಗ ವಿಡಿಯೋ ತೋರ್ಸ್ಯಾನ” ಎಂದಳು. “ಸರೀರಿ, ಹಲ್ಲಿ ಐತೇನ ನೋಡತೇನಿ.” ರೊಟ್ಟಿ ಮುರಿದು ಬಾಯಿಗಿಟ್ಟು ನಿಧಾನಕ್ಕೆ ಅಗಿದಳು. “ಇಲ್ಲಪಾ. ಖಾರ ಒಂದ ಐತಿ.” ಅವಳ ಹಿಂದೆ ಆ ಸಭೆಯ ಮಕ್ಕಳ ಪಾಠದ ಟೀಚರು, ಅವರ ಹಿಂದೆ ಮಕ್ಕಳ ಹಿಂಡು. ಗಂಟಿನ ಸುತ್ತ ಜನ ಮುಗಿಬಿದ್ದರು. ಎಲ್ಲರ ಕೊನೆಗೆ ಪ್ರಭಾಕರ ಮಾಸ್ತರರು ಬಂದು, ಅತ್ತ ಇತ್ತ ನೋಡಿ, ಒಂದು ತುಣುಕು ಬಾಯಿಗೆ ಹಾಕಿಕೊಂಡರು. ಅವರ ಮುಖವೂ ಕೆಂಪಾಯಿತು.

“ಶಾಂತವ್ವಾ, ಖಾರ ಭಾಳ ಆಗೇತಲ್ಲ!”

ಶಾಂತವ್ವ ಕಂಬ ಬಿಟ್ಟು ನೆಟ್ಟಗೆ ನಿಂತಳು. “ಇದನ್ನ ಗ್ರೂಪಿನ್ಯಾಗ ಹಾಕ್ರಿ ಮಾಸ್ತರ” ಎಂದಳು, “ಇದೊಂದ ಖರೇ ಐತಿ.”

ಮಾಸ್ತರರೂ ನಕ್ಕರು. ಖಾನಾವಳಿ ಅವತ್ತೇ ಮೊದಲಿನಂತೆ ತುಂಬಿತು ಎಂದು ನಾನು ಹೇಳಲಾರೆ. ಕೆಲವರು ಇವತ್ತಿಗೂ ಅತ್ತ ಹೋಗುವುದಿಲ್ಲ, ವಿಡಿಯೋ ಇನ್ನೂ ಎಲ್ಲೋ ತಿರುಗುತ್ತಿದೆ. ಆದರೆ ಮುಂದಿನ ಸುಗ್ಗಿ ಹಬ್ಬಕ್ಕೆ ಅಡುಗೆ ಯಾರದು ಎಂದು ಕಮಿಟಿಯಲ್ಲಿ ಯಾರೂ ಕೇಳಲಿಲ್ಲ.

ಅವತ್ತು ಕಡೆಯ ಆಶೀರ್ವಾದಕ್ಕೆ ಎಲ್ಲರೂ ಎದ್ದು ನಿಂತರು. ಬೆರಳಿಗೆ ಇನ್ನೂ ಚಟ್ನಿ ಅಂಟಿಸಿಕೊಂಡೇ ಕಣ್ಣು ಮುಚ್ಚಿದರು. ಈಗ ಎಲ್ಲರೂ ಅವಳ ಕೈಯದನ್ನು ಉಂಡವರು, ಈಗ ಅವಳ ಹೆಸರು ಹೇಳಬಹುದು ಎಂದುಕೊಂಡೆ. ಅವಳಿಗಾಗಿ ದೊಡ್ಡದೊಂದು ಪ್ರಾರ್ಥನೆ ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದೆ. ನನ್ನ ಇಡೀ ಸೇವೆಯಲ್ಲೇ ಚೆಂದದ್ದು. ಬಾಯಿ ತೆರೆದರೆ ಬಿಕ್ಕಳಿಕೆ ಬಿಡಲಿಲ್ಲ. “ಕರ್ತನೇ, ಶಾಂತವ್ವ...” ಎಂದೆ. ಮುಂದಿನ ಮಾತು ಬರಲೇ ಇಲ್ಲ. ಸಭೆ ಸ್ವಲ್ಪ ಹೊತ್ತು ಕಾದು, ಅಷ್ಟಕ್ಕೇ ಗಟ್ಟಿಯಾಗಿ ಆಮೆನ್ ಎಂದಿತು.